ಕಿವಿ ಹೊಲಿಸ್ಕೊಳ್ಳೋಕೆ ಮೂರು ಕ್ಲಿನಿಕ್ ಸುತ್ತಿದ್ದು

ಮೊದಲೇ ಹೇಳ್ಬಿಡ್ತೀನಿ, ನಾನು ಮುಖಕ್ಕೆ ಏನೂ ಮಾಡಿಸ್ಕೊಂಡಿಲ್ಲ. ಹೋದ ವಾರ ಫೋಟೋ ಹಾಕಿದ್ಮೇಲೆ ನಾಲ್ಕು ಜನ ಮೆಸೇಜ್ ಮಾಡಿ ಯಾವ ಕ್ಲಿನಿಕ್ ಅಂತ ಕೇಳಿದ್ರಿ. ಸುಕ್ಕೆಲ್ಲ ಇದ್ದ ಜಾಗದಲ್ಲೇ ಇದೆ. ನಾನು ಹೋಗಿದ್ದು ಕಿವಿಗೆ.

ಮದುವೆ ದಿನ ಹಾಕ್ಕೊಂಡ ಏಳು ಕಲ್ಲಿನ ವಾಲೆ. ಇಪ್ಪತ್ತೆರಡು ವರ್ಷ ಕಿವಿ ಬಿಟ್ಟು ಇಳಿದಿದ್ದು ಒಂದೇ ಒಂದು ಸಲ. ನಮ್ಮತ್ತೆ ಮನೆ ಕಡೆ ಹೆಂಗಸರು ಕಿವಿ ಬರಿದು ಬಿಡಲ್ಲ. ಸ್ನಾನಕ್ಕೂ ಅದೇ, ನಿದ್ದೆಗೂ ಅದೇ, ಜಿಮ್‌ಗೂ ಅದೇ. ಮೂರು ವರ್ಷದ ಹಿಂದೆ ನಮ್ಮನೆಯವರು ತೀರಿಕೊಂಡ್ರು. ಆಗ್ಲೂ ನಾನು ತೆಗೀಲಿಲ್ಲ. ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದೂರು ಓಲ್ಡ್ ಬ್ರಿಡ್ಜ್‌ನ ಆಂಟಿ ಒಬ್ರು ಹದಿಮೂರನೇ ದಿನದ ಊಟಕ್ಕೆ ಬಂದವರು ನನ್ನ ಕಿವೀನೇ ನೋಡ್ತಾ ಕೂತಿದ್ರು. ಪಾಯಸ ಬಡಿಸಿದ್ರೂ ಎಲೆ ಕಡೆ ಕಣ್ಣಿಲ್ಲ.

ಈ ಸಲ ಚಳಿಗಾಲದಲ್ಲಿ ಸ್ವೆಟರ್ ತೆಗೀತಾ ಎಡಗಿವಿ ವಾಲೆ ಸಿಕ್ಕಿಹಾಕ್ಕೊಂಡು ಜೋರಾಗಿ ಎಳೀತು. ತೂತು ಮೊದಲೇ ಜೋತು ಬಿದ್ದು ಉದ್ದ ಆಗಿತ್ತು. ಈಗ ಕೆಳಗಡೆ ಒಂದು ನೂಲಿನಷ್ಟು ಚರ್ಮ ಉಳೀತು. ಬಲಗಡೇದೂ ಹೆಚ್ಚುಕಮ್ಮಿ ಅದೇ ಕತೆ. ಅರ್ಜೆಂಟ್ ಕೇರ್‌ನಲ್ಲಿ ನರ್ಸ್ ಎರಡನ್ನೂ ಬಿಚ್ಚಿ ಒಂದು ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಕೈಗೆ ಕೊಟ್ಲು. ಮನೆಗೆ ಬಂದು ಕನ್ನಡಿ ನೋಡಿದ್ರೆ ಅಲ್ಲಿ ಯಾರೋ ಬೇರೆ ಹೆಂಗಸು. ನನಗೆ ಆ ವಾಲೆ ಮತ್ತೆ ಕಿವಿಗೆ ಬರಬೇಕಿತ್ತು. ಅಷ್ಟೇ.

ಸುದ್ದಿ ಹೋಗಿದ್ದೇ ತಡ, ಆಂಟಿ ಫೋನ್ ಬಂತು.

"ಒಳ್ಳೇದೇ ಆಯ್ತು ಬಿಡಮ್ಮ, ತಾನಾಗೇ ಇಳೀತು. ಸಣ್ಣ ಟಾಪ್ಸ್ ಏನಾದ್ರೂ ಹಾಕ್ಕೋ. ಯಾರೂ ಏನೂ ಅನ್ನಲ್ಲ."

"ಈಗ ಮಾತ್ರ ಯಾರು ಅಂತಿದಾರೆ ಆಂಟಿ, ನಿಮ್ಮನ್ನ ಬಿಟ್ಟು?"

ಆ ಕಡೆ ಫೋನ್ ಕಟ್.

ಮಗಳು ರಿವ್ಯೂ ಎಲ್ಲ ಓದಿ ಮ್ಯಾನ್‌ಹ್ಯಾಟನ್‌ನಲ್ಲಿ ಒಂದು ಕ್ಲಿನಿಕ್ ಬುಕ್ ಮಾಡಿದ್ಲು. ಹೋಗ್ತಿದ್ದ ಹಾಗೇ ಸೌತೇಕಾಯಿ ಹೋಳು ಹಾಕಿದ ನೀರು ಕೊಟ್ರು. ಚೂಪು ಉಗುರಿನ ಹುಡುಗಿ ಬಂದು ನನ್ನ ಹಣೆ ನೋಡಿದ್ಲು, ಕೆನ್ನೆ ನೋಡಿದ್ಲು, ದವಡೆ ಮುಟ್ಟಿ ನಿಟ್ಟುಸಿರು ಬಿಟ್ಲು. ಕಿವಿ ಅಂದೆ. ಅದನ್ನೂ ಪ್ಯಾಕೇಜ್‌ನಲ್ಲಿ ಸೇರಿಸಬಹುದು ಅಂದ್ಲು. ನೀರು ಕುಡಿದು ಎದ್ದು ಬಂದೆ.

ಎರಡನೇದು ಜ್ಯಾಕ್ಸನ್ ಹೈಟ್ಸ್‌ನಲ್ಲಿ, ಸೀರೆ ಅಂಗಡಿ ಮೇಲೆ. ಅಲ್ಲಿದ್ದ ಹೆಂಗಸು ತುಂಬ ಪ್ರೀತಿಯಿಂದ ಮಾತಾಡಿಸಿದ್ರು. ಹೊಲಿಗೇನೇ ಬೇಡ, ಅಂಟು ಹಾಕಿ ಅರ್ಧ ಗಂಟೇಲಿ ಮುಗಿಸ್ತೀವಿ, ಸಂಜೆ ಪಾರ್ಟಿಗೆ ಜುಮ್ಕಿ ಹಾಕ್ಕೊಂಡು ಹೋಗಿ ಅಂತ, ಸೀರೆಗೆ ಫಾಲ್ ಹಾಕಿಸೋಷ್ಟು ಸಲೀಸಾಗಿ ಹೇಳಿದ್ರು. ಡಾಕ್ಟರ್ ಎಲ್ಲಿ ಅಂದ್ರೆ, ಗುರುವಾರ ಬರ್ತಾರಂತೆ. ಯಾವ ಗುರುವಾರ ಅಂತ ಹೇಳಲಿಲ್ಲ. ಅಲ್ಲಿಂದಾನೂ ಇಳಿದು ಬಂದೆ.

ನಾಲ್ಕು ದಿನ ಆದ್ಮೇಲೆ ಆಂಟಿಯಿಂದ ಒಂದು ಮೆಸೇಜ್. ಈಸ್ಟ್ ಬ್ರನ್ಸ್‌ವಿಕ್‌ನ ಒಬ್ಬ ಪ್ಲಾಸ್ಟಿಕ್ ಸರ್ಜನ್ ನಂಬರ್. ಕೆಳಗೆ ಒಂದೇ ಸಾಲು: ನನ್ನದೂ ಅಲ್ಲೇ ಹೊಲಿಸಿದ್ದು, ಯಾರಿಗೂ ಹೇಳಬೇಡ.

ಫಾರ್ಮಸಿ ಪಕ್ಕದಲ್ಲಿ ಪುಟ್ಟ ಆಫೀಸು. ವಯಸ್ಸಾದ ಅಮೆರಿಕನ್ ಡಾಕ್ಟರ್. ಅವರು ಮೊದಲು ಕೇಳಿದ್ದೇ, ಒಡವೆ ತಂದಿದೀರಾ ಅಂತ. ಉಳಿದ ಇಬ್ಬರು ಅದನ್ನ ಕೇಳಿರಲೇ ಇಲ್ಲ. ವಾಲೇನ ಅಂಗೈಲಿಟ್ಟು ತೂಗಿ ನೋಡಿದ್ರು, ತಿರುಪು ಬಿಚ್ಚಿ ಹಾಕಿ ನೋಡಿದ್ರು. ಹಳೇ ತೂತನ್ನ ಪೂರ್ತಿ ಮುಚ್ಚಿ ಹೊಲೀಬೇಕು, ಮೂರು ತಿಂಗಳು ಬರಿಗಿವಿ, ಆಮೇಲೆ ಪಕ್ಕದಲ್ಲಿ ಹೊಸದಾಗಿ ಚುಚ್ಚಬೇಕು ಅಂದ್ರು. ಆದರೆ ಇಷ್ಟು ಭಾರದ್ದನ್ನ ಇನ್ಮೇಲೆ ಹಗಲೂ ರಾತ್ರಿ ಹಾಕೋ ಹಾಗಿಲ್ಲ. ಹಾಕ್ಕೊಂಡ ದಿನವೇ ತೆಗೀಬೇಕು. ನಿಮಗೆ ನೀವೇ ಹಾಕಿ ತೆಗೆಯೋಕೆ ಬರುತ್ತಲ್ವಾ ಅಂದ್ರು.

ನನಗೆ ಬರ್ತಿರಲಿಲ್ಲ. ನಲವತ್ತೇಳು ವರ್ಷದ ಹೆಂಗಸು, ಸ್ವಂತ ಕಿವಿಗೆ ತಿರುಪು ಹಾಕೋಕೆ ಬರಲ್ಲ. ತೆಗೀಲೇ ಇಲ್ಲ ಅಂದ್ಮೇಲೆ ಕಲಿಯೋದೆಲ್ಲಿ?

ಆ ಒಂದು ಸಲ ತೆಗೆದಿದ್ದು ಮಂಡಿ ನೋವಿಗೆ ಎಂಆರ್‌ಐ ಮಾಡಿಸೋಕೆ ಹೋದಾಗ. ಪಾರ್ಕಿಂಗ್ ಲಾಟ್‌ನಲ್ಲಿ, ಕಾರೊಳಗೆ, ನಮ್ಮನೆಯವರೇ ತೆಗೆದ್ರು, ಆಮೇಲೆ ಅವರೇ ಹಾಕಿದ್ರು. ಓದೋ ಕನ್ನಡಕ ಮೂಗಿನ ತುದೀಲಿ, ಫೋನ್ ಟಾರ್ಚ್ ಬಾಯಲ್ಲಿ. ತಿರುಪು ಸೀಟ್ ಕೆಳಗೆ ಬಿತ್ತು. ಹುಡುಕಿ ತೆಗೆದು, ಒರೆಸಿ, ಮತ್ತೆ ಶುರು. "ಅಲ್ಲಾಡಬೇಡ ಮಾರಾಯ್ತಿ" ಅಂದ್ರು, ಟಾರ್ಚ್ ಕಚ್ಕೊಂಡೇ. ಕಿವಿ ಹಿಂದೆ ಅವರ ಉಸಿರು, ಕಾಫಿ ವಾಸನೆ. ಹಾಕಿ ಮುಗಿದಿದ್ರೂ ನಾನು, ತಿರುಪು ಇನ್ನೂ ಸರಿಯಾಗಿ ಕೂತಿಲ್ಲ ಅಂತ ಸುಳ್ಳು ಹೇಳಿ ಕತ್ತು ಹಾಗೇ ಓರೆ ಹಿಡಿದಿದ್ದೆ.

ಮನೇಲಿ ಹಾಕ್ಕೊಡೋರು ಇದಾರಾ ಅಂತ ಡಾಕ್ಟರ್ ಕೇಳಿದ್ರು. ಇದ್ರು ಅಂದೆ. ಅವರು ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿದ್ರು. ಅಲ್ಲೇ ಡೇಟ್ ತಗೊಂಡೆ.

ಹೊಲಿಗೆ ನೋವಾಗಲಿಲ್ಲ. ಬರಿಗಿವಿ ನೋವಾಯ್ತು. ಚುಚ್ಚಿಸಿದ್ಮೇಲೂ ಆರು ವಾರ ಸಣ್ಣ ಸ್ಟಡ್. ಅಷ್ಟೂ ದಿನ ಡಿಶ್‌ವಾಷರ್ ತುಂಬ್ತಾ, ಫೋನ್‌ನಲ್ಲಿ ಮಾತಾಡ್ತಾ ಸುಮ್ಮನೆ ಕಿವಿ ಮುಟ್ಕೊಳ್ತಿದ್ದೆ.

ಹೋದ ಶನಿವಾರ ಬೆಳಿಗ್ಗೆ ಬಾತ್‌ರೂಮ್ ಬಾಗಿಲು ಹಾಕ್ಕೊಂಡು, ಬೀಳುತ್ತೆ ಅಂತ ಸಿಂಕ್‌ಗೆ ಟವಲ್ ಹಾಸಿ ನಿಂತೆ. ಮಗಳು ಹೊರಗಿನಿಂದ ಹೆಲ್ಪ್ ಬೇಕಾ ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ಲು. ಬೇಡ ಅಂದೆ. ಕಡ್ಡಿ ಒಳಗೆ ಹೋಯ್ತು, ಹಿಂದಿನಿಂದ ಬೆರಳಲ್ಲಿ ತಿರುಪು ತಿರುಗಿಸಿದೆ, ಮೊದಲನೇ ಸಲಕ್ಕೇ ಕೂತ್ಕೊಂಡ್ಬಿಡ್ತು. ಇನ್ನೊಂದೂ ಹಾಗೇ. ಎರಡು ನಿಮಿಷದ ಕೆಲಸ.

ಇಷ್ಟು ಸುಲಭ ಅಂತ ಮೊದಲೇ ಗೊತ್ತಿದ್ದಿದ್ರೂ, ಆವತ್ತು ಕಾರಲ್ಲಿ ನನಗೆ ಹಾಕೋಕೆ ಬರಲ್ಲ ಅಂತಾನೇ ಹೇಳ್ತಿದ್ದೆ.