ಹೊಳೆಗೆ ಹಾಕದ ಅರಿಶಿಣ ಕುಂಕುಮ

ಕೊಟ್ರವ್ವ ಮಂಡಕ್ಕಿ ಭಟ್ಟಿಯ ಎಲ್ಲ ಕೆಲಸವನ್ನೂ ಮಾಡುತ್ತಿದ್ದಳು, ಒಲೆ ಹೊತ್ತಿಸುವುದೊಂದನ್ನು ಬಿಟ್ಟು. ಬೆಳಿಗ್ಗೆ ಬೇರೆ ಯಾರಾದರೂ ಬೆಂಕಿ ಹಾಕುವವರೆಗೆ ದೂರ ನಿಂತಿರುತ್ತಿದ್ದಳು. ತನ್ನ ಕೈ ಮೊದಲು ತಾಗಿದ್ದೆಲ್ಲ ಕೆಡುತ್ತದೆ ಎಂದು ಅವಳ ನಂಬಿಕೆ. ದಾವಣಗೆರೆಯ ಆ ಭಟ್ಟಿಯಲ್ಲಿ ಕೆಲವರು ಇದಕ್ಕೆ ನಗುತ್ತಿದ್ದರು, ಹೆಚ್ಚಿನವರು ಒಳಗೊಳಗೇ ಒಪ್ಪಿಕೊಂಡಿದ್ದರು.

ಆಕೆ ಕೊಕ್ಕನೂರಿನ ಸೊಸೆ. ಒಂದು ಮಳೆಗಾಲ ಗಂಡ ಲಿಂಗಣ್ಣ ಪುಟ್ಟ ಮಗ ಅಜ್ಜಯ್ಯನನ್ನು ಕರೆದುಕೊಂಡು ಹೊಳೆಯಾಚೆಯ ನೆಂಟರ ಮನೆಗೆ ಹೊರಟ. ಮಗುವಿಗೆ ಮೈ ಬೆಚ್ಚಗಿದೆ, ಬೇಡ ಎಂದಳು. ಅವನು ಕೇಳಲಿಲ್ಲ. ಹೊಳೆ ದಾಟುವವರ ಕೈಗೆ ಮನೆಯ ಹೆಂಗಸು ಅರಿಶಿಣ ಕುಂಕುಮದ ಪೊಟ್ಟಣ ಕೊಡಬೇಕು. ಅದನ್ನು ಗಂಗವ್ವನಿಗೆ ಹಾಕಿಯೇ ಹರಿಗೋಲು ಹತ್ತಬೇಕು. ಸಿಟ್ಟಿನಲ್ಲಿದ್ದ ಕೊಟ್ರವ್ವ ಪೊಟ್ಟಣ ಕೊಡಲಿಲ್ಲ, ಬಾಗಿಲಿಗೂ ಬರಲಿಲ್ಲ. ಹರಿಹರದ ಹತ್ತಿರ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ಅಪ್ಪ ಮಗ ಇಬ್ಬರೂ ಹೋದರು.

ಹೆಣಗಳು ಇನ್ನೂ ಅಂಗಳದಲ್ಲಿರುವಾಗಲೇ ಓಣಿಯ ಮುದುಕಿಯೊಬ್ಬಳು ಕೇಳಿದಳು: “ಅರಿಶಿಣ ಕುಂಕುಮ ಕೊಟ್ಟು ಕಳಿಸಿದ್ಯೇನವ್ವ?” ಹೊಳೆ ತುಂಬಿತ್ತು, ಹರಿಗೋಲಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸುತ್ತದೆ. ಆದರೆ ಮುದುಕಿಗೂ ಚಿಕ್ಕಂದಿನಿಂದ ಕಲಿಸಿದ್ದು ಅದನ್ನೇ.

ಅದೇ ಹರಿಗೋಲಿನಲ್ಲಿ ಬಳೆ ಮಾರುವ ಶಬ್ಬೀರನೂ ತೀರಿಕೊಂಡ. ಅವನ ಹೆಂಡತಿ ಶಹರ್ಬಾನುವೇ ಮುಂದೆ ಕೊಟ್ರವ್ವನನ್ನೂ ಅವಳಿಗೆ ಉಳಿದ ಒಬ್ಬಳೇ ಮಗಳು ತಿಪ್ಪಮ್ಮನನ್ನೂ ದಾವಣಗೆರೆಗೆ ಕರೆತಂದು ಭಟ್ಟಿಗೆ ಸೇರಿಸಿದಳು. “ಅವನ ಹಣೇಲಿ ಅಷ್ಟೇ ಬರದಿತ್ತು ಅಕ್ಕ. ಅಲ್ಲಾ ಕೊಟ್ಟಿದ್ದ, ಕರಕೊಂಡ,” ಎನ್ನುತ್ತಿದ್ದಳು. ಹಾಗೆಂದು ಮನಸಾರೆ ಅತ್ತು, ಎದ್ದು ರೊಟ್ಟಿ ತಟ್ಟುತ್ತಿದ್ದಳು. ಕೊಟ್ರವ್ವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದೇ ನೀರು, ಅದೇ ಹರಿಗೋಲು. ಅವಳ ಗಂಡನನ್ನು ದೇವರು ಕರೆದುಕೊಂಡ, ನನ್ನ ಕೂಸನ್ನ ನಾನೇ ಕೊಂದೆ. ಉಣ್ಣಲು ಕೂತಾಗೆಲ್ಲ ಮಗಳಿಗೂ ಇದನ್ನೇ ಹೇಳುತ್ತಿದ್ದಳು.

ತಿಪ್ಪಮ್ಮ ಬೆಳೆದು ಭಾನುವಳ್ಳಿಗೆ ಸೊಸೆಯಾಗಿ ಹೋದಳು, ಬಸುರಾದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಕೊಟ್ರವ್ವ ಕರೆಯಲು ಹೋಗಲೇ ಇಲ್ಲ.

“ಹುಡುಗಿ ದಾರಿ ನೋಡ್ತಿರ್ತಾಳೆ. ಕರಕೊಂಡು ಬಾ ಅಕ್ಕ,” ಎಂದಳು ಶಹರ್ಬಾನು.

“ನನ್ನ ಹೊಸ್ತಿಲು ಬ್ಯಾಡ ಆ ಕೂಸಿಗೆ. ನನ್ನ ಕೈ ತಾಗಿದ್ದು ಯಾವ್ದು ಉಳದೈತೆ?”

“ತಿಪ್ಪಿ ಉಳದಿಲ್ಲೇನು?”

ಕೊಟ್ರವ್ವ ಮಂಡಕ್ಕಿ ಜರಡಿ ಹಿಡಿದಳು.

ಮಗು ಸತ್ತೇ ಹುಟ್ಟಿತು. ಸುದ್ದಿ ಕೇಳಿದ ಕೊಟ್ರವ್ವ ಹರಿಹರಕ್ಕೆ ಹೋಗಿ ಭಾನುವಳ್ಳಿಯ ಬಸ್ಸು ಹಿಡಿದಳು. ತಾನು ಇಷ್ಟು ದೂರ ಇದ್ದರೂ ಇದು ಹೇಗಾಯಿತು ಎಂದು ದಾರಿಯುದ್ದಕ್ಕೂ ಅದೇ ಯೋಚನೆ.

ತಿಪ್ಪಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಯಿ ಬಂದದ್ದು ತಿಳಿದರೂ ಅಳಲಿಲ್ಲ.

“ತಪ್ಪು ನಂದೇ ಅವ್ವ,” ಎಂದಳು. “ಬಸುರಿದ್ದಾಗ ಹೊಸ ಕಾಲುವಿ ದಾಟಿದೆ. ಅರಿಶಿಣ ಕುಂಕುಮ ಹಾಕ್ಲಿಲ್ಲ. ನೀ ಹೇಳಿದ್ದೆ, ಮರತೆ. ನನ್ನ ಕೂಸನ್ನ ನಾನೇ ಕೊಂದೆ.”

ಅದೇ ಮಾತು, ಅದೇ ಧಾಟಿ. ಕೊಟ್ರವ್ವ ಕೈ ತಾಗಿಸಬಾರದೆಂದು ಮಗಳಿಂದ ದೂರ ಉಳಿದಿದ್ದಳು. ಅನ್ನದ ಜೊತೆ ಏನು ಉಣಿಸಿದ್ದೆನೆಂದು ಈಗ ತಿಳಿಯಿತು.

“ಅಲ್ಲ ಮಗಳೇ, ನಿಂದಲ್ಲ.”

“ನಂದಲ್ದಿದ್ರೆ ಮತ್ತೆ ಯಾರದು?”

“ಯಾರದೂ ಅಲ್ಲ.”

ತಿಪ್ಪಮ್ಮ ತಾಯಿಯ ಕಡೆ ತಿರುಗಿದಳು. “ಹಂಗಾರೆ ಅಜ್ಜಯ್ಯ ಹೋಗಿದ್ದು?”

ಕೊಟ್ರವ್ವ ಮಗಳ ಪಕ್ಕ ಕೂತಳು. ನನ್ನಿಂದ ಎಂದರೆ ಮಗಳು ತನ್ನ ತಪ್ಪನ್ನು ಸಾಯುವವರೆಗೂ ಹೊರುತ್ತಾಳೆ. ನನ್ನಿಂದಲ್ಲ ಎಂದರೆ ಮಗ ಸುಮ್ಮಸುಮ್ಮನೆ ಸತ್ತ ಹಾಗಾಗುತ್ತದೆ. ಇಷ್ಟು ವರ್ಷ ಅವನದೆಂದು ಅವಳ ಬಳಿ ಉಳಿದದ್ದು ಆ ತಪ್ಪು ಒಂದೇ.

ಕೊನೆಗೆ ಮಗಳ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಹೊಳೆ ತುಂಬಿತ್ತವ್ವ,” ಎಂದಳು. “ಹರಿಗೋಲಾಗ ಜನ ಹೆಚ್ಚಾಗಿದ್ರು.”

ಅಷ್ಟು ಹೇಳಿ, ಮಗ ಆಗಷ್ಟೇ ಮುಳುಗಿದನೇನೋ ಎಂಬಂತೆ ಅತ್ತಳು.