ಬೆವರದ ಮಡಕೆ

ಧರ್ಮಪುರದಿಂದ ಆಂಧ್ರದ ಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಐದು ಕಿಲೋಮೀಟರ್ ಸಾಗಿದರೆ ಎಡಕ್ಕೆ ಒಂದು ಗೋಮಾಳದ ಇಳಿಜಾರು ಸಿಗುತ್ತದೆ. ಕಲ್ಲು, ಬಂದರಿಕೆ ಗಿಡದ ಕುರುಚಲು, ಆಡುಗಳು ತುಳಿದ ದಾರಿ. ಅದರ ಕೆಳಮೂಲೆಯಲ್ಲಿ ಒಂಬತ್ತು ಬಾರೆ ಮರಗಳಿವೆ, ಎಲಚಿ ಎನ್ನುತ್ತಾರಲ್ಲ ಅದೇ. ಅಳತೆ ಹಿಡಿದು ನೆಟ್ಟ ಹಾಗೆ ಒಂದೇ ಸಾಲಿನಲ್ಲಿವೆ. ಆ ಸಾಲಿನ ಮೇಲಕ್ಕೆ ಐದು ಎಕರೆಯಲ್ಲಿ ಮತ್ತೊಂದು ಮರವಿಲ್ಲ. ದುರುಗಕ್ಕ ದಿನಾ ಬೆಳಿಗ್ಗೆ ಬಸ್ಸಿಗೆ ನಿಲ್ಲುವುದು ಈ ಮರಗಳ ಎದುರಿಗೆ. ಮರಗಳ ಕಡೆ ಬೆನ್ನು ಹಾಕಿ ನಿಲ್ಲುತ್ತಾಳೆ.

ಆಕೆಗೆ ಈಗ ನಲವತ್ತೇಳು. ಗಂಡ ತೀರಿಕೊಂಡು ಹದಿನಾರು ವರ್ಷವಾಯಿತು. ಹುಟ್ಟಿದ ಮನೆಗಾಗಲಿ ಕೊಟ್ಟ ಮನೆಗಾಗಲಿ ಒಂದು ಗುಂಟೆ ಜಮೀನಿರಲಿಲ್ಲ. ಕೇರಿಯಲ್ಲಿ ಆಕೆಗೆ ಇದ್ದ ಹೆಸರು ಒಂದೇ ಕೆಲಸಕ್ಕೆ: ಮಡಕೆ ಪಳಗಿಸುವುದು. ಹೊಸ ಗಡಿಗೆಯನ್ನು ಹಾಗೇ ಒಲೆಗಿಟ್ಟರೆ ಜಿನುಗುತ್ತದೆ, ಸಾರು ಒಲೆಯ ಪಾಲಾಗುತ್ತದೆ. ಅದರೊಳಗೆ ರಾಗಿ ಗಂಜಿ ಕುದಿಸಿ, ಆರಿಸಿ, ಒಳಗೂ ಹೊರಗೂ ಹರಳೆಣ್ಣೆ ತಿಕ್ಕಿ, ಕುಳ್ಳಿನ ಕೆಂಡದ ಮೇಲೆ ಬೋರಲು ಹಾಕಬೇಕು. ಮೂರು ಸಲ ಹೀಗೆ ಮಾಡಿದರೆ ಮಣ್ಣಿನ ಕಣ್ಣು ಮುಚ್ಚುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಗಡಿಗೆ ಹೊತ್ತುಕೊಂಡು ಆಕೆಯ ಮನೆಗೇ ಬರುತ್ತಿದ್ದರು. ದುರುಗಕ್ಕ ಪಳಗಿಸಿದ ಗಡಿಗೆ ಒಡೆಯಬಹುದೇ ಹೊರತು ಜಿನುಗುವುದಿಲ್ಲ ಎಂಬುದು ಕೇರಿಯ ನಂಬಿಕೆ.

2001ರಲ್ಲಿ ಒಂದು ಯೋಜನೆ ಬಂತು. ಜಮೀನಿಲ್ಲದ ಹನ್ನೊಂದು ಹೆಂಗಸರ ಗುಂಪಿಗೆ ಆ ಇಳಿಜಾರಿನ ಐದು ಎಕರೆ. ಇನ್ನೂರ ನಲವತ್ತು ಸಸಿ: ಬಾರೆ, ಸೀತಾಫಲ, ಹುಣಸೆ. ಪ್ರತಿ ಸಸಿಯ ಪಕ್ಕದಲ್ಲಿ ಕತ್ತಿನವರೆಗೆ ಹೂತ ಒಂದು ಮಣ್ಣಿನ ಗಡಿಗೆ. ಷರತ್ತು ಒಂದೇ ಇತ್ತು. ಮೊದಲ ಬೇಸಿಗೆ ಕಳೆದು ಜೂನ್‌ನಲ್ಲಿ ಎಣಿಸಿದಾಗ ಅರ್ಧದಷ್ಟು, ಅಂದರೆ ನೂರಿಪ್ಪತ್ತು ಸಸಿ ಜೀವಂತವಿದ್ದರೆ ಜಮೀನು ಹನ್ನೊಂದು ಜನರ ಹೆಸರಿಗೆ. ಇಲ್ಲದಿದ್ದರೆ ಮತ್ತೆ ಗೋಮಾಳ.

"ಪಹಣಿಯಾಗೆ ನಮ್ಮ ಹೆಸ್ರು ಬರ್ತತಾ ಸಾರ್?" ಎಂದು ದುರುಗಕ್ಕ ಯೋಜನೆಯ ಕ್ಷೇತ್ರಾಧಿಕಾರಿ ಹನುಮಂತರಾಜು ಅವರನ್ನು ಮೂರು ಸಲ ಕೇಳಿದ್ದಳು. ಬರುತ್ತದೆ ಎಂದು ಅವರು ಮೂರು ಸಲವೂ ಹೇಳಿದ್ದರು.

ಮಡಕೆಯ ತರಬೇತಿ ಹಿರಿಯೂರಿನಲ್ಲಿ ನಡೆಯಿತು. ಆ ವಾರ ಶೇಂಗಾ ಹೊಲಗಳಲ್ಲಿ ಕಳೆ ಕೆಲಸ. ಕೂಲಿ ಬಿಟ್ಟು ಹೋಗಲು ಯಾವ ಹೆಂಗಸಿಗೂ ಆಗಲಿಲ್ಲ. ಗುಂಪಿನ ಚಿತ್ತಮ್ಮ ತನ್ನ ಗಂಡ ಕರಿಯಣ್ಣನನ್ನು ಕಳಿಸಿದಳು. ಊಟ ಚೆನ್ನಾಗಿತ್ತು ಎಂಬ ಸುದ್ದಿಯೊಂದಿಗೆ ಆತ ಸಂಜೆ ಬಂದ.

"ಊಟದ್ ಮಾತು ಆಮ್ಯಾಲೆ ಹೇಳು. ಮಡಕೆದೇನಂತೆ?" ಎಂದಳು ಚಿತ್ತಮ್ಮ.

"ಪಕ್ದಾಗೆ ಹೂಣ್ಬೇಕು, ತುಂಬಿಸ್ಬೇಕು, ಬಂಡೆಚೂರು ಮುಚ್ಬೇಕು. ಒಂದು ತೊಟ್ಟು ನೀರೂ ದಂಡ ಆಗಂಗಿಲ್ಲವಂತೆ."

"ಅಷ್ಟೇನಾ? ಅದ್ಕೆ ಇಡೀ ದಿನ ಬೇಕಾಯ್ತಾ?"

"ನೀನೇ ಹೋಗ್ಬೇಕಿತ್ತು ಮತ್ತೆ" ಎಂದು ಕರಿಯಣ್ಣ ಬೀಡಿ ಹಚ್ಚಿದ.

ಒಂದು ತೊಟ್ಟು ನೀರೂ ದಂಡವಾಗಬಾರದು ಎಂಬ ಮಾತು ದುರುಗಕ್ಕನ ಮನಸ್ಸಿನಲ್ಲಿ ನಿಂತಿತು. ನೀರು ತರಬೇಕಾದದ್ದು ಒಂದೂವರೆ ಕಿಲೋಮೀಟರ್ ದೂರದ ಕೊಳವೆಬಾವಿಯಿಂದ, ತಲೆಯ ಮೇಲೆ. ಕುಂಬಾರರ ಬಂಡಿಯಲ್ಲಿ ಬಂದಿಳಿದ ಗಡಿಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದಳು. ಎಲ್ಲವೂ ಹಸಿ ಮಾಲು, ಪಳಗಿಸದವು. ಕುಡಿಯುವ ನೀರಿನ ಹರವಿಯಾದರೆ ಬೆವರಲಿ, ನೀರು ತಣ್ಣಗಾಗುತ್ತದೆ. ಮಣ್ಣೊಳಗಿನ ಮಡಕೆ ಬೆವರಿದರೆ ಯಾರಿಗೆ ಲಾಭ?

ಹನ್ನೊಂದು ಮನೆಗಳಿಂದ ರಾಗಿ ಹಿಟ್ಟು ಬಂತು, ಹರಳೆಣ್ಣೆ ಬಂತು. ದುರುಗಕ್ಕ ಹದಿಮೂರು ದಿನ ಕೂಲಿಗೆ ಹೋಗದೆ ಇನ್ನೂರ ಮೂವತ್ತೊಂದು ಗಡಿಗೆ ಪಳಗಿಸಿದಳು. ಅಷ್ಟರಲ್ಲಿ ಎಣ್ಣೆ ಮುಗಿಯಿತು. ಉಳಿದ ಒಂಬತ್ತನ್ನು ಹಾಗೆಯೇ ಕೆಳಸಾಲಿನಲ್ಲಿ ಹೂತರು.

ಪಳಗಿದ ಗಡಿಗೆಗಳಲ್ಲಿ ತುಂಬಿಸಿದ ನೀರು ತುಂಬಿದಂತೆಯೇ ನಿಂತಿತು. ಹೆಂಗಸರು ವಾರಕ್ಕೊಮ್ಮೆ ಮುಚ್ಚಳ ಸರಿಸಿ ಒಂದು ಚಿಪ್ಪು ನೀರು ಮೊಗೆದು ಸಸಿಯ ಬುಡಕ್ಕೆ ಹಾಕುತ್ತಿದ್ದರು. ಮಡಕೆ ಎಂದರೆ ಕೂಡಿಟ್ಟ ನೀರು ಎಂದು ಅವರು ತಿಳಿದಿದ್ದರು. ನವೆಂಬರ್‌ನಲ್ಲಿ ಬಂದ ಹನುಮಂತರಾಜು ನಾಲ್ಕಾರು ಬಂಡೆಚೂರು ಎತ್ತಿ ನೋಡಿ, "ತಪ್ಪದೆ ತುಂಬಿಸ್ತಿದೀರಿ, ಶಹಭಾಸ್" ಎಂದು ಬರೆದುಕೊಂಡು ಹೋದರು. ಬೇರೆ ಊರುಗಳಲ್ಲಿ ಅವರು ನೋಡಿದ್ದು ಒಣಗಿದ ಮಡಕೆಗಳನ್ನೇ.

ಕೆಳಸಾಲಿನ ಒಂಬತ್ತು ಮಾತ್ರ ಐದಾರು ದಿನಕ್ಕೆ ಬರಿದಾಗುತ್ತಿದ್ದವು.

"ನಿನ್ ಒಂಬತ್ತು ಸೋರುಬುರುಕಿಗೆ ನಾವ್ಯಾಕೆ ಕತ್ತು ಮುರ್ಕೋಬೇಕು ದುರುಗಿ? ಬಿಟ್ಟಾಕು ಅತ್ಲಾಗೆ" ಎಂದಳು ಚಿತ್ತಮ್ಮ.

"ಪಳಗಿಸ್ದೆ ಬಿಟ್ಟೋಳು ನಾನು ಕಣೆ. ನಾನೇ ತುಂಬಿಸ್ತೀನಿ, ನಿಮ್ ಕತ್ತು ನೆಟ್ಟಗಿರ್ಲಿ."

ಹೀಗೆ ಚಳಿಗಾಲವೆಲ್ಲ ದುರುಗಕ್ಕ ತನ್ನ ಪಾಳಿಯ ಮೇಲೆ ವಾರಕ್ಕೆ ಐದು ಕೊಡ ಹೆಚ್ಚು ಹೊತ್ತಳು. ಅದನ್ನು ತನ್ನ ತಪ್ಪಿನ ದಂಡ ಎಂದುಕೊಂಡಿದ್ದಳು.

ಮಾರ್ಚ್ ಬಿಸಿಲಿಗೆ ಸಸಿಗಳು ತುದಿಯಿಂದ ಒಣಗತೊಡಗಿದವು. ಗೆದ್ದಲು ಎಂದರು ಕೆಲವರು, ಬೂದಿ ಹಾಕಿದರು. ಒಂದು ಬೆಳಿಗ್ಗೆ ದುರುಗಕ್ಕ ಕೆಳಸಾಲಿಗೆ ನೀರು ಹಾಕಿ ತಲೆ ಎತ್ತಿದಾಗ ಒಂಬತ್ತು ಸಸಿಗಳೂ ಹಸಿರಾಗಿದ್ದವು, ಮೊಣಕಾಲು ದಾಟಿ ಬೆಳೆದಿದ್ದವು. ಕೂತು ಗಡಿಗೆಯ ಪಕ್ಕ ಕೈಯಲ್ಲೇ ಕೆದಕಿದಳು. ಮಣ್ಣು ಒದ್ದೆ. ಸಸಿಯ ಬೇರು ಕೂದಲಿನಂತೆ ಗಡಿಗೆಯ ಮೈಗೆ ಅಂಟಿತ್ತು. ಮೇಲಿನ ಸಾಲಿಗೆ ಹೋಗಿ ಅಲ್ಲೂ ಕೆದಕಿದಳು. ಪುಡಿ ಮಣ್ಣು. ಗಡಿಗೆಯೊಳಗೆ ಮುಕ್ಕಾಲು ನೀರಿತ್ತು.

ಆಮೇಲೆ ಆಕೆ ಕೊಳವೆಬಾವಿಗೆ ಹೋಗಿ, ಕೊಡ ಹಿಡಿದು ನಿಂತಿದ್ದ ಹತ್ತೂ ಜನರಿಗೆ ಹೇಳಿದಳು.

"ಬೆವರ್ಬೇಕಿತ್ತು ಕಣ್ರೆ. ಬೆವರ್ಲಿ ಅಂತ್ಲೇ ಹಸಿ ಗಡಿಗೆ ಕೊಟ್ಟಿದ್ದು. ಬೆವರದಂಗೆ ಮಾಡಿದೋಳು ನಾನು."

ಚಿತ್ತಮ್ಮ ಬೈದದ್ದು ತನ್ನ ಗಂಡನನ್ನು.

ಅಂದೇ ಗಡಿಗೆಗಳನ್ನು ಕಿತ್ತು, ಮೊಳೆ ಬಡಿದು ತಳದಲ್ಲಿ ತೂತು ಮಾಡಿ, ಹಳೆ ಸೀರೆಯ ಬತ್ತಿ ತುರುಕಿ ಮತ್ತೆ ಹೂಳತೊಡಗಿದರು. ಮೊಳೆಯ ಏಟಿಗೆ ಮೂರರಲ್ಲಿ ಒಂದು ಸೀಳಿತು. ಉಳಿದವು ಎರಡೇ ದಿನಕ್ಕೆ ಬರಿದಾಗುತ್ತಿದ್ದವು. ಹನ್ನೊಂದು ಜನ ತಲಾ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಕೊಡ ಹೊತ್ತರು. ಏಪ್ರಿಲ್ ಮೂರನೇ ವಾರ ಕೊಳವೆಬಾವಿಯ ನೀರು ಬೆರಳಿನಷ್ಟು ದಪ್ಪಕ್ಕೆ ಇಳಿಯಿತು. ಇದು ಕುಡಿಯೋ ನೀರು, ಮರಕ್ಕಲ್ಲ ಎಂದು ಊರವರು ತಡೆದರು. ಅದು ತಪ್ಪೆಂದು ಹೇಳುವ ಹಾಗೂ ಇರಲಿಲ್ಲ.

ಜೂನ್ ಹನ್ನೊಂದರಂದು ಎಣಿಕೆ ನಡೆಯಿತು. ಒಣಗಿದಂತೆ ಕಂಡ ಸಸಿಗಳ ತೊಗಟೆಯನ್ನು ಹನುಮಂತರಾಜು ಉಗುರಿನಿಂದ ಗೀರಿ ನೋಡಿದರು, ಹಸಿರು ಕಂಡರೆ ಲೆಕ್ಕಕ್ಕೆ ಹಿಡಿದರು. ಎರಡೆರಡು ಸಲ ಸುತ್ತಿದರು. ಎಂಬತ್ತನಾಲ್ಕು.

ಫಾರಂನಲ್ಲಿ ಕಾರಣ ಬರೆಯುವ ಜಾಗದಲ್ಲಿ ಅವರು "ಬರ" ಎಂದು ಬರೆದು ಓದಿ ಹೇಳಿದರು.

"ಬರ ಅಲ್ಲ ಸಾರ್. ದುರುಗಕ್ಕ ಮಡಕೆ ಪಳಗಿಸಿದ್ಲು ಅಂತ ಬರೀರಿ. ಉಳ್ದೋರು ನೀರು ಹೊತ್ತವ್ರೆ. ಅವ್ರಿಗಾದ್ರೂ ಕೊಡ್ರಿ, ನನ್ ಹೆಸ್ರು ತೆಗೀರಿ."

"ಹಂಗೆ ಬರೆದ್ರೆ ನಿರ್ಲಕ್ಷ್ಯ ಅಂತಾರಮ್ಮ. ಹನ್ನೊಂದು ಜನಕ್ಕೂ ಮುಂದೆ ಯಾವ ಯೋಜನೆನೂ ಸಿಗಲ್ಲ."

"ನಾನು ಹದಿಮೂರು ದಿನ ಕುಂತು ಮಾಡಿದ್ದು ಸಾರ್. ನಿರ್ಲಕ್ಷ್ಯ ಎಲ್ಲೈತೆ?"

ಅದಕ್ಕೆ ಫಾರಂನಲ್ಲಿ ಜಾಗವಿರಲಿಲ್ಲ. ಬರ ಎಂದೇ ಹೋಯಿತು. ಆಗಸ್ಟ್‌ನಲ್ಲಿ ಇಳಿಜಾರು ಮತ್ತೆ ಗೋಮಾಳವಾಯಿತು, ಆಡುಗಳು ಬಂದವು. ಮುಂದೆ ಯಾವ ಯೋಜನೆಯೂ ಬರಲಿಲ್ಲ. ಬೇರು ಆಳಕ್ಕಿಳಿದು, ಆಡುಗಳ ಬಾಯನ್ನೂ ತಡೆದುಕೊಂಡು ನಿಂತವು ಕೆಳಸಾಲಿನ ಒಂಬತ್ತು ಮಾತ್ರ. ಅವುಗಳ ಹಣ್ಣನ್ನು ದಾರಿಹೋಕರು ಉದುರಿಸಿ ತಿನ್ನುತ್ತಾರೆ.

ಆ ವರ್ಷದ ನಂತರ ದುರುಗಕ್ಕ ಯಾರ ಗಡಿಗೆಯನ್ನೂ ಪಳಗಿಸಿಲ್ಲ. ಕೇಳಿಕೊಂಡು ಬರುವವರೂ ಕಡಿಮೆಯಾದರು. ಎಲ್ಲರ ಒಲೆಗೂ ಅಲ್ಯೂಮಿನಿಯಂ ಬಂತು.

ಈಗ ಆಕೆ ಹಿರಿಯೂರಿನ ಹತ್ತಿರ ಒಂದು ದಾಳಿಂಬೆ ತೋಟದಲ್ಲಿ ಕೂಲಿ. ಅಲ್ಲಿ ಹನಿ ನೀರಾವರಿ. ಗೇಟ್‌ವಾಲ್ ತಿರುಗಿಸಿದ ಮೇಲೆ ಆಕೆ ಪ್ರತಿ ಗಿಡದ ಬುಡದಲ್ಲೂ ಬಗ್ಗಿ, ಪೈಪಿನ ಕೆಳಗೆ ಅಂಗೈ ಒಡ್ಡಿ, ಹನಿ ಬಿದ್ದ ಮೇಲೆಯೇ ಮುಂದಿನ ಗಿಡಕ್ಕೆ ಹೋಗುತ್ತಾಳೆ. ಒಂಬೈನೂರು ಗಿಡಗಳಿವೆ.

"ಏ ದುರುಗಮ್ಮ, ಕಣ್ಣಾಗೆ ನೋಡಿದ್ರೆ ಕಾಣಲ್ವೇನು? ಹಿಂಗೆ ಕೈ ಇಟ್ಕಂತ ಹೋದ್ರೆ ಸಂಜೆ ಆಗ್ತತೆ" ಎಂದು ಮೇಸ್ತ್ರಿ ಶಿವಕುಮಾರಪ್ಪ ಗದರುತ್ತಾನೆ.

ಆಕೆ ಹೂಂ ಎನ್ನುತ್ತಾಳೆ. ಮುಂದಿನ ಗಿಡಕ್ಕೆ ಹೋಗಿ ಮತ್ತೆ ಬಗ್ಗುತ್ತಾಳೆ.