ಸುಟ್ಟ ಎತ್ತು, ಹಸಿ ಕುರಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಸಿಂದಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ಮಾಸ್ತರನಾಗಿದ್ದೆ. ಮಾಸ್ತರರೇ ಇಬ್ಬರಾದ್ದರಿಂದ ಎರಡನೆಯವನೆಂದರೆ ಕೊನೆಯವನು. ಮೊದಲನೆಯವರು ಹೆಡ್ ಮಾಸ್ತರರು, ಬಸವನ ಬಾಗೇವಾಡಿ ಕಡೆಯವರು. ಕರಿ ಟೊಪ್ಪಿಗೆ, ಮುಚ್ಚುಕೋಟು, ಕಚ್ಚೆ ಧೋತರ. ಜಗತ್ತಿನ ಯಾವ ಸಂಗತಿಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದೆಂಬ ವ್ರತ ಹಿಡಿದವರು. ಒಂದು ಸೀಮೆಸುಣ್ಣ ಮುರಿದರೂ ಅವರ ಮುಖದಲ್ಲಿ ಸೂತಕದ ಕಳೆ ಮೂಡುತ್ತಿತ್ತು.

ಆ ವರ್ಷ ಬೇಸಿಗೆ ಸೂಟಿ ಮುಗಿಯುತ್ತಲೇ ಮೇಲಿನಿಂದ ಅಪ್ಪಣೆ ಬಂತು. ಮಕ್ಕಳಿಗೆ ಋತುಮಾನಕ್ಕೂ ಹಬ್ಬಹುಣ್ಣಿಮೆಗೂ ಹೊಂದುವ ಕೈಕೆಲಸ ಕಲಿಸಬೇಕು. ತಿಂಗಳ ಕೊನೆಗೆ ಇನ್‌ಸ್ಪೆಕ್ಟರರು ಬಂದು ಅದನ್ನು ಕಣ್ಣಾರೆ ನೋಡುತ್ತಾರೆ. ಜೊತೆಗೊಂದು ಮಾದರಿ ಪುಸ್ತಕ. ಅದರ ಮಳೆಗಾಲದ ಪುಟದಲ್ಲಿ ಕಾಗದದ ದೋಣಿಯಿತ್ತು. ಹಳೆಯ ಉತ್ತರಪತ್ರಿಕೆಗಳನ್ನು ಹರಿದು ಮಕ್ಕಳಿಂದ ದೋಣಿ ಮಾಡಿಸಿದೆವು. ಕಿಟಕಿಯ ಕಟ್ಟೆಯ ಮೇಲೆ ಒಂದು ನೌಕಾದಳವೇ ಬಂದು ನಿಂತಿತು. ಮಳೆ ಮಾತ್ರ ಇನ್ನೂ ಪಕ್ಕದ ಇಂಡಿ ತಾಲೂಕನ್ನೂ ದಾಟಿರಲಿಲ್ಲ.

"ಸರ, ಇವು ಎಲ್ಲಿಗಿ ಹೋಗ್ತಾವ್ರಿ?" ಎಂದು ಕೇಳಿದವನು ನಾಲ್ಕನೆಯ ಇಯತ್ತೆಯ ಮಾನೀಟರ. ಜೋಡು ಎತ್ತಿನ ಮನೆಯ ಹುಡುಗ. ಆ ಗತ್ತು ನಡಿಗೆಯಲ್ಲೇ ಇತ್ತು.

"ನೀರು ಬಂದಮ್ಯಾಲೆ ಹೋಗ್ತಾವು."

"ನೀರು ಬರೂದರಾಗ ಇವನ್ನ ಇಲಿ ತಿಂತಾವ್ರಿ."

ಇಲಿಗಳು ಮಾನೀಟರನ ಮಾತು ಉಳಿಸಿದವು. ಹೆಡ್ ಮಾಸ್ತರರು ದೀರ್ಘವಾಗಿ ಯೋಚಿಸಿ, ನಮ್ಮ ನೆಲದ ಋತು ನಮ್ಮ ನೆಲದ ಮಣ್ಣಿನಲ್ಲೇ ಇದೆ ಎಂದು ಘೋಷಿಸಿದರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಮಕ್ಕಳೆಲ್ಲ ಶಾಲೆಯಲ್ಲೇ ಎತ್ತು ಮಾಡಿ, ಹಬ್ಬದ ದಿನ ಮನೆಗೆ ಒಯ್ದು ಪೂಜೆಗಿಡುವುದು. ಮಾರನೆಯ ದಿನ ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ, ಜೋಳ ನೀಡಿರೆಂದು ಮನೆಮನೆಗೆ ತಿರುಗಿ, ಬಂದ ಕಾಳಿನಿಂದ ಹಳ್ಳದ ದಂಡೆಯಲ್ಲಿ ಅಡಿಗೆ ಮಾಡಿ ಉಂಡು, ಎತ್ತನ್ನು ನೀರಿಗೆ ಬಿಡುವುದು. ಇದು ನಮ್ಮ ಕಡೆ ಎಂದಿನಿಂದಲೋ ನಡೆದುಬಂದದ್ದು. ಹೆಡ್ ಮಾಸ್ತರರು ಅದನ್ನು ವೇಳಾಪತ್ರಿಕೆಗೆ ಸೇರಿಸಿದರು, ಅಷ್ಟೆ.

ನನ್ನ ತಲೆಯಲ್ಲಿ ಬೇರೊಂದು ಚಿಂತೆ ಕೂತಿತ್ತು. ನಾಲ್ಕನೆಯ ಇಯತ್ತೆಯಲ್ಲಿ ಉಳಿದಿದ್ದ ಹೆಣ್ಣುಮಗಳು ಒಬ್ಬಳೇ, ಕುರಿ ಕಾಯುವವರ ಮನೆಯವಳು. ಮಳೆ ಬಿದ್ದು ಎರೆನೆಲ ಕೆಸರಾದರೆ ಕುರಿಗಳ ಗೊರಸು ತಾಳುವುದಿಲ್ಲ. ಅಮಾವಾಸ್ಯೆ ಕಳೆದ ಮೊದಲ ಮಂಗಳವಾರ ಅವರ ಹಿಂಡು ಮುದ್ದೇಬಿಹಾಳದ ಕಡೆಯ, ನೀರು ನಿಲ್ಲದ ಮಸಾರಿ ನೆಲಕ್ಕೆ ಹೊರಡುತ್ತಿತ್ತು. ಈ ಸಲ ಹುಡುಗಿಯೂ ಹಿಂಡಿನ ಹಿಂದೆ ಹೋಗಬೇಕೆಂದು ಅವಳ ಅಜ್ಜಿಯ ಠರಾವಾಗಿತ್ತು. ಆ ಮನೆಯಲ್ಲಿ ಅಜ್ಜಿಯ ಮಾತಿನ ಮೇಲೆ ಅಪೀಲು ಇರಲಿಲ್ಲ. ಆದರೂ ಹೋಗಿ ಕೇಳಿದೆ.

"ಮರಿ ಕಾಯಾಕ ಒಂದು ಜೀವ ಬೇಕ್ರಿ ಮಾಸ್ತರ," ಎಂದಳು ಅಜ್ಜಿ, ಉಣ್ಣೆ ನೂಲುವ ಕದಿರು ನಿಲ್ಲಿಸದೆ.

"ಭಾಳ ಚಂದ ಓದ್ತಾಳವ್ವ ನಿಮ್ಮ ಹುಡುಗಿ."

"ಓದಿ ಹೇಳಿದ್ರ ಮರಿ ಕೇಳ್ತಾವೇನ್ರಿ? ತ್ವಾಳ ಕೇಳ್ತೈತೇನು?"

ತೋಳದ ಪರವಾಗಿ ಮಾತಾಡಲು ನನಗೆ ಅಧಿಕಾರವಿರಲಿಲ್ಲ. ಎದ್ದು ಬಂದೆ.

ಎತ್ತು ಮಾಡುವ ದಿನ ಶಾಲೆಯ ಅಂಗಳವೆಲ್ಲ ಮಣ್ಣು. ಹುಡುಗರು ಕೋಡು ತೀಡಿದರು, ಬೆನ್ನ ಮೇಲೆ ಇಣಿ ಎಬ್ಬಿಸಿದರು, ಕಣ್ಣಿಗೆ ಗುಲಗಂಜಿ ಒತ್ತಿದರು. ತಮ್ಮ ಅಪ್ಪಂದಿರು ನಿಜವಾದ ಎತ್ತಿನ ಸಂತೆಯಲ್ಲಿ ಮಾಡುವಂತೆ ಒಬ್ಬರ ಎತ್ತಿನ ಹಲ್ಲನ್ನು ಇನ್ನೊಬ್ಬರು ನೋಡಿ ಹಳಿದರು. ಹುಡುಗಿ ಮೂಲೆಯಲ್ಲಿ ಕೂತು ಮಾಡಿದ್ದು ಕುರಿ. ಇಳಿಬಿದ್ದ ಕಿವಿ, ಉಬ್ಬಿದ ಮೂಗು, ಮೈತುಂಬ ಕಡ್ಡಿಯಿಂದ ಗೀರಿದ ಉಣ್ಣೆ. ಈಗಲೇ ಬ್ಯಾ ಎಂದು ಒದರುತ್ತದೇನೋ ಅನಿಸುವಂಥ ಕುರಿ.

"ಏ, ಇದೇನ ಲೇ? ಅಮಾಸಿಗಿ ಕುರಿ ಪೂಜಿ ಮಾಡ್ತಾರೇನ?" ಮಾನೀಟರ ಕೇಳಿದ.

"ನಮ್ಮನಿಯಾಗ ಎತ್ತಿಲ್ಲ. ಇದ್ದದ್ದು ಮಾಡೇನಿ," ಎಂದಳು ಅವಳು, ತಲೆ ಎತ್ತದೆ.

ಪ್ರಕರಣ ಹೆಡ್ ಮಾಸ್ತರರ ಮುಂದೆ ಹೋಯಿತು. ಅವರು ಕುರಿಯನ್ನು ಅಂಗೈಯಲ್ಲಿಟ್ಟು ಎಲ್ಲ ದಿಕ್ಕಿನಿಂದ ಪರಿಶೀಲಿಸಿದರು. "ಕುರಿ ಉತ್ತಮವಾಗಿದೆ," ಎಂದು ಗ್ರಾಂಥಿಕದಲ್ಲಿ ತೀರ್ಪು ಕೊಟ್ಟರು, "ಆದರೆ ಇದು ಎತ್ತಲ್ಲ." ತೀರ್ಪಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಎತ್ತುಗಳು ಮೇಜಿನ ಮೇಲೆ ಹೋದವು. ಕುರಿ ಹುಡುಗಿಯ ಲಂಗದ ಉಡಿಯಲ್ಲಿ ಮನೆಗೆ ಹೋಯಿತು. ಅವಳು ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಹೇಳುವ ಕೆಲಸವಾದರೂ ನನಗೆ ಸಿಗುತ್ತಿತ್ತು. ಅಜ್ಜಿ ಕುರಿಯನ್ನು ಗೋಡೆಯ ದೇವರ ಮಾಡದಲ್ಲಿಟ್ಟು, "ಕುರಿ ಒಲ್ಲೆಂದ ಸಾಲಿ ಕುರಿಯವರಿಗ್ಯಾಕ?" ಎಂದಳೆಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು.

ಇತ್ತ ಹೆಡ್ ಮಾಸ್ತರರಿಗೆ ಇನ್‌ಸ್ಪೆಕ್ಟರರ ಧ್ಯಾನ. ಹಸಿ ಮಣ್ಣಿನ ಎತ್ತು ತಿಂಗಳ ಕೊನೆಯವರೆಗೆ ಬಿರುಕು ಬಿಡದೆ ಉಳಿಯುವುದು ಹೇಗೆ? ಅವರಿಗೊಂದು ವಿಚಾರ ಹೊಳೆಯಿತು, ಮತ್ತು ಅದನ್ನು ತಡೆಯುವಷ್ಟು ಹಿರಿಯರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಮರುದಿನ ಬೆಳಗ್ಗೆ ಶಾಲೆಯ ಹಿಂದೆ ಕುಳ್ಳು, ಹತ್ತಿಕಟ್ಟಿಗೆ ಒಟ್ಟಿ, ಎತ್ತುಗಳನ್ನು ಒಳಗಿಟ್ಟು ಬೆಂಕಿ ಹಚ್ಚಿದರು. "ಪಕ್ಕಾ ಆಗ್ತಾವು. ಪೂಜಿಗೂ ಆತು, ಪ್ರದರ್ಶನಕ್ಕೂ ಆತು," ಎಂದರು. ಬೂದಿ ಆರಿದ ಮೇಲೆ ಅರ್ಧ ಎತ್ತುಗಳು ಒಡೆದಿದ್ದವು. ಉಳಿದರ್ಧ ಕೆಂಪಗೆ, ಗಡಸಾಗಿ, ಹೆಂಚಿನ ಚೂರಿನಂತೆ ಟಣ್ಣೆನ್ನುತ್ತಿದ್ದವು.

ಮಕ್ಕಳು ಅವನ್ನು ಮನೆಗೆ ಒಯ್ದರು. ಅರ್ಧ ಗಳಿಗೆಯಲ್ಲಿ ಎತ್ತುಗಳು ಪಾಲಕರ ಸಮೇತ ಶಾಲೆಗೆ ಮರಳಿದವು.

"ಅಲ್ರೀ ಮಾಸ್ತರ, ಬಿತ್ತೂ ಹೊತ್ತಿನ್ಯಾಗ ಎತ್ತು ಸುಡ್ತಾರೇನ್ರಿ ಯಾರರೆ?" ಮಾನೀಟರನ ಅಪ್ಪ ಕೇಳಿದ.

"ಸುಟ್ಟಿಲ್ಲ. ಬೇಯಿಸೇವಿ," ಎಂದರು ಹೆಡ್ ಮಾಸ್ತರರು.

"ಬೇಯಿಸೀರಿ? ಹಂಗಾರ ಉಳ್ಳಾಗಡ್ಡಿ ಹೆಚ್ಚಿ ಕೊಡ್ಲೇನ್ರಿ?"

ಅಂಗಳವೆಲ್ಲ ನಕ್ಕಿತು. ಅದರೊಳಗೆ ಸಿಟ್ಟೂ ಇತ್ತು. ನೀರಿನಲ್ಲಿ ಕರಗಿ ಹೊಲದ ಮಣ್ಣಿಗೆ ಮರಳಬೇಕಾದ ಎತ್ತು ಇನ್ನು ಯಾವ ಹಳ್ಳಕ್ಕೆ ಬಿದ್ದರೂ ಕಲ್ಲಿನಂತೆ ಕೂತಿರುತ್ತದೆ. ಪೂಜೆಗೆ ಊರವರು ತಾವೇ ಹೊಸ ಎತ್ತು ತಿದ್ದಿಕೊಂಡರು. ಸುಟ್ಟವು ಇನ್‌ಸ್ಪೆಕ್ಟರರ ದಾರಿ ಕಾಯುತ್ತ ಶಾಲೆಯ ಮೇಜಿನ ಮೇಲೆ ಉಳಿದವು. ಹಬ್ಬದ ಮಾರನೆಯ ಬೆಳಗ್ಗೆ ಕುಂಟೆತ್ತಿಗಾಗಿ ಮಕ್ಕಳು ಕೇಳಿದರೆ ಒಂದು ಮನೆಯವರೂ ಕೊಡಲಿಲ್ಲ. "ಸಾಲಿಯವರ ಕೈಯಾಗ ಎತ್ತು ಕೊಡಂಗಿಲ್ಲಪಾ, ಮತ್ತೇನು ಬೇಯಿಸ್ತಾರೋ ಏನೋ" ಎಂಬುದು ಊರಿನ ಒಮ್ಮತದ ಠರಾವು. ಮಕ್ಕಳು ಎತ್ತು ಇಡಬೇಕಿದ್ದ ಖಾಲಿ ಹಲಗೆ ಹಿಡಿದು ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂತರು. ಹಾಗೆ ಜೋಲು ಮುಖ ಹಾಕಿ ಕೂತಿದ್ದ ಮಾನೀಟರನೇ ಕೊನೆಗೆ ಅಂದ: "ಸರ, ಊರಾಗ ಸಾಲ್ಯಾಗ ಮಾಡಿದ್ದು ಹಸಿ ಮಣ್ಣಿಂದು ಒಂದs ಐತ್ರಿ. ಆ ಕುರಿ."

ಹೆಡ್ ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡು, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ಸಂಧಾನಕ್ಕೆ ಹೊರಟ ದಿವಾನರಂತೆ ಮುಂದೆ ನಡೆದರು. ಹಿಂದೆ ನಾನು. ನನ್ನ ಹಿಂದೆ ಶಾಲೆ.

ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು. ಹುಡುಗಿ ಅವಳ ಬೆನ್ನ ಹಿಂದೆ ನಿಂತಿದ್ದಳು. ಒಳಗೆ ಗಂಟು ಕಟ್ಟಿದ ಕಂಬಳಿಗಳು ಕಾಣುತ್ತಿದ್ದವು.

"ಏನ್ರಿ, ದೊಡ್ಡ ಮಾಸ್ತರು ಬಡವರ ಮನಿಗಿ?"

"ಕುರಿ ಬೇಕಾಗಿತ್ತವ್ವ."

"ಯಾವ ಕುರಿ? ಹೊರಗ ಹಿಂಡ ಐತಿ."

"ಮಣ್ಣಿಂದು."

"ಅದು ಎತ್ತಲ್ಲಂತಲ್ರಿ?"

ಹೆಡ್ ಮಾಸ್ತರರು ಕೆಮ್ಮಿದರು. ತಾವು ಕೊಟ್ಟ ತೀರ್ಪನ್ನು ತಾವೇ ತಿರುಗಿಸುವುದು ಅವರ ಸೇವಾವಧಿಯಲ್ಲಿ ಅದೇ ಮೊದಲಿರಬೇಕು. "ಅಲ್ಲ ಖರೆ," ಎಂದರು. "ಆದ್ರ ಕುರಿ ಒಲ್ಲೆಂದದ್ದು ನನ್ನ ತಪ್ಪು."

ಅಜ್ಜಿ ಆ ಮಾತನ್ನು ಎಲೆ ಅಡಿಕೆಯಂತೆ ಬಾಯಲ್ಲಿಟ್ಟುಕೊಂಡು ಸವಿದಳು. "ಒಯ್ರಿ," ಎಂದಳು. "ಕಾಲು ಮಾತ್ರ ಮುರೀಬ್ಯಾಡ್ರಿ. ನಮ್ಮ ಕುರಿ ನಾಕೂ ಕಾಲ ಮ್ಯಾಲೆ ಬರ್ತೈತಿ. ಕೊಡವ್ವ, ಅವರ ಕೈಯಾಗ ಕೊಡು."

ಹುಡುಗಿ ಒಳಗೆ ಹೋಗಿ ಕುರಿಯನ್ನು ತಂದಳು, ಆದರೆ ಕೊಡಲಿಲ್ಲ.

"ಕೊಡss," ಎಂದಳು ಅಜ್ಜಿ.

"ಆಯೀ, ಇದು ಸಾಲಿ ಕುರಿ ಆತಿಲ್ಲ ಈಗ?"

"ಆತು."

"ಸಾಲಿ ಕುರೀನ ಸಾಲಿಯವರs ಹಿಡೀಬೇಕು. ನಾ ಮಂಗಳವಾರ ಸಾಲಿ ಬಿಟ್ಟು ಹೋಗಾಕಿ. ನಾ ಹೆಂಗ ಹಿಡೀಲಿ? ನಾ ಮಾಡಿದ್ದನ್ನ ಇವ ಹೆಂಗ ಹಿಡೀತಾನ?" ಎಂದು ಮಾನೀಟರನ ಕಡೆ ಗದ್ದ ತೋರಿಸಿದಳು.

ಮಾನೀಟರ ಎರಡು ಹೆಜ್ಜೆ ಹಿಂದೆ ಸರಿದು, "ನಾ ಒಲ್ಲೆರಿ. ಆಕೀನs ಹಿಡೀಲಿ," ಎಂದ. ಅವನು ಯಾವುದಾದರೂ ವಿಷಯದಲ್ಲಿ ಹಿಂದೆ ಸರಿದದ್ದನ್ನು ನಾನು ಅಂದೇ ಕಂಡದ್ದು.

ಅಜ್ಜಿ ಮೊಮ್ಮಗಳನ್ನು ನೋಡಿದಳು. ಊರಿನ ಅರ್ಧ ಮಕ್ಕಳು, ಇಬ್ಬರು ಮಾಸ್ತರರು ತನ್ನ ಹೊಸ್ತಿಲ ಮುಂದೆ ಕಾಯುತ್ತಿರುವುದನ್ನೂ ನೋಡಿದಳು. "ಭಾಳ ಬೆರಿಕಿ ಅದಿ," ಎಂದಳು ಕೊನೆಗೆ. "ಮರಿ ಹಿಂದ ನಿಮ್ಮಪ್ಪನ ಜೋಡಿ ನಾನs ಹೋಗ್ತೇನಿ. ನೀ ನಿಮ್ಮವ್ವನ ಜೋಡಿ ಇಲ್ಲೇ ಇರು. ಮಳಿ ಮುಗದು ಶೀಗಿ ಹುಣ್ಣಿಮಿ ಬರೂತನಕಾ ನೋಡೂಣು. ಆಮ್ಯಾಲೆ ಮತ್ತ ಕೇಳ್ತೇನಿ ಏನ ಕಲ್ತಿ ಅಂತ."

ಆ ವರ್ಷ ನಮ್ಮೂರಿನಲ್ಲಿ ಮನೆಮನೆಗೆ ಹೋದದ್ದು ನಾಲ್ಕೂ ಕಾಲು ನೆಟ್ಟಗಿದ್ದ ಒಂದು ಕುರಿ. ಏನು ಕೂಗಬೇಕೆಂದು ಮಕ್ಕಳಲ್ಲೇ ಸ್ವಲ್ಪ ವಾದವಾಗಿ, "ಹಸಿ ಕುರಿ ಬಂದೈತಿ, ಜ್ವಾಳ ನೀಡ್ರೆವ್ವಾ" ಎಂಬಲ್ಲಿಗೆ ತೀರ್ಮಾನವಾಯಿತು. ಹೆಂಗಸರು ನಕ್ಕು ನಕ್ಕು ಒಂದು ಮುಷ್ಟಿ ಕೊಡುವಲ್ಲಿ ಎರಡು ಕೊಟ್ಟರು. ಬೆಲ್ಲ ಬಂತು, ತೊಗರಿಬೇಳೆ ಬಂತು. ಮಾನೀಟರನ ಅಪ್ಪ ಎರಡು ಉಳ್ಳಾಗಡ್ಡಿ ತಂದು ಹೆಡ್ ಮಾಸ್ತರರ ಕೈಗೇ ಕೊಟ್ಟ. ಅವರು ಅದನ್ನು ಗಂಭೀರವಾಗಿ ಸ್ವೀಕರಿಸಿದರು. ಹಳ್ಳದಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಕುರಿ ಕರಗಲು ಅಷ್ಟು ಸಾಕಾಯಿತು.

ಮಂಗಳವಾರ ಬೆಳಗ್ಗೆ ಹಿಂಡು ಶಾಲೆಯ ಮುಂದಿನಿಂದಲೇ ಹೋಯಿತು. ಭೂಗೋಳದ ಪಾಠ ನಡೆದಿತ್ತು. ಧೂಳಿನಲ್ಲಿ ಭಾರತದ ನಕಾಶೆ ಕೆಲಹೊತ್ತು ಕಾಣಲಿಲ್ಲ. ಹಿಂಡಿನ ಕೊನೆಗೆ ಒಂದು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದ ಅಜ್ಜಿ ಬಾಗಿಲಲ್ಲಿ ನಿಂತಳು. ಹುಡುಗಿ ಎದ್ದು ಹೋದಳು. ಅಜ್ಜಿ ಅವಳ ತಲೆ ಸವರಿ ಮತ್ತೆ ಒಳಗೆ ಕಳಿಸಿ, ನನ್ನ ಕಡೆ ತಿರುಗಿದಳು.

"ಮುಂದ ಏನ ಮಾಡಸ್ತೀರಿ ಹುಡುಗರ ಕಡಿಂದ?"

"ಪಂಚಮಿ ಬರ್ತೈತಲ್ಲವ್ವ. ಜೋಕಾಲಿ ಕಟ್ಟಸ್ತೇವಿ."

"ಪುಂಡಿ ನಾರಿನ ಹಗ್ಗ ಕಟ್ಟಬ್ಯಾಡ್ರಿ, ಹರೀತೈತಿ. ಮನ್ಯಾಗ ಆಡಿನ ಕೂದಲ ಹಗ್ಗ ಐತಿ. ಈಕಿ ತರ್ತಾಳ," ಎಂದು ಹೇಳಿ ಅಜ್ಜಿ ಹಿಂಡನ್ನು ಹಿಡಿಯಲು ಬಿರಬಿರನೆ ನಡೆದುಹೋದಳು.